ಎಡಗೈ ಬಂದೂಕು

ಆ ಬಂದೂಕನ್ನು ನಾನು ಕೊಂಡದ್ದು ಪರದೇಶದ ಒಂದು ಚಳಿ ಊರಿನಲ್ಲಿ. ಗುರಿ ಹೊಡೆಯುವ ಪಂದ್ಯಕ್ಕೆಂದು ಹೋಗಿದ್ದೆ. ಪಂದ್ಯದಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನನ್ನ ಕೈಯಲ್ಲಿದ್ದದ್ದು ನಮ್ಮ ಕ್ಲಬ್ಬಿನ ಹಳೆಯ ಬಂದೂಕು, ಬಲಗೈಯವರಿಗಾಗಿ ಮಾಡಿದ್ದು. ನಾನು ಎಡಚಿ. ಪ್ರತಿ ಸಲ ಗುಂಡು ತುಂಬುವಾಗಲೂ ಕೈಯನ್ನು ಬಂದೂಕಿನ ಮೇಲಿಂದ ಆಚೆ ಬದಿಗೆ ಚಾಚಿ ಕೀಲು ಎಳೆಯಬೇಕು, ಮೈ ಹೊರಳಿದ್ದನ್ನು ಸರಿಮಾಡಿಕೊಳ್ಳಬೇಕು, ಮತ್ತೆ ಉಸಿರು ಹಿಡಿಯಬೇಕು. ಊರಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಅಲ್ಲಿಯೂ ಇದೇ ಕತೆ, ಬಲಗೈ ಕತ್ತರಿ ಹಿಡಿದು ಹಿಡಿದು ಹೆಬ್ಬೆರಳಿನ ಬುಡ ಕಲ್ಲಾಗಿದೆ.

ಪಂದ್ಯ ಮುಗಿದ ಮೇಲೆ ಸುಮ್ಮನೆ ನೋಡೋಣವೆಂದು ಒಂದು ಬಂದೂಕಿನ ಅಂಗಡಿಗೆ ಹೊಕ್ಕೆ. ಬಿಳಿ ಮೀಸೆಯ ಮುದುಕನೊಬ್ಬ ಒಂದು ಬಂದೂಕು ತೆಗೆದುಕೊಟ್ಟ. ನಾನು ಅದನ್ನು ಎಡ ಭುಜಕ್ಕೆ ಆನಿಸಿದ್ದೇ ತಡ, ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು ಒಳಗೆ ಹೋಗಿ ಬೇರೊಂದನ್ನು ತಂದ. ಅದರ ಕೀಲು ಎಡಗಡೆ ಇತ್ತು. ಕೆನ್ನೆ ಆನಿಸುವ ಹಲಗೆ ನನ್ನ ಕೆನ್ನೆಯ ಕಡೆಗೆ ಉಬ್ಬಿತ್ತು. ಭುಜಕ್ಕೆ ಹಿಡಿದಾಗ, ಹುಟ್ಟಿದಾಗಿನಿಂದ ನನಗಾಗಿ ಮಾಡಿದ ವಸ್ತು ಒಂದನ್ನೂ ನಾನು ಮುಟ್ಟಿರಲಿಲ್ಲ ಎಂಬುದು ಒಮ್ಮೆಲೇ ಹೊಳೆದು ಕಣ್ಣು ತುಂಬಿದವು. ಮುದುಕ ಬೇರೆ ಕಡೆ ನೋಡುತ್ತ ನಿಂತ.

ದೇಶದ ಗಡಿ ದಾಟಿಸುವುದು ಕಷ್ಟವಾಗಲಿಲ್ಲ. ಕೊಂಡರೂ ಕೊಂಡೇನೆಂದು ಹೋಗುವ ಮೊದಲೇ ಪರವಾನಗಿ ಮಾಡಿಸಿಕೊಂಡಿದ್ದೆ. ಕೀಲನ್ನು ಬಿಚ್ಚಿ ಬೇರೆಯಾಗಿಟ್ಟು, ಉಳಿದದ್ದನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ವಿಮಾನದವರಿಗೆ ಒಪ್ಪಿಸಿದ್ದೆ. ಇಳಿದ ಮೇಲೆ ಸುಂಕದವರು ಪೆಟ್ಟಿಗೆ ತೆಗೆಸಿ, ನಂಬರು ತಾಳೆ ನೋಡಿ, ಸೀಲು ಹಾಕಿ ಬಿಟ್ಟರು. ಅಲ್ಲಿದ್ದ ಒಬ್ಬ ಹೆಣ್ಣುಮಗಳು, “ಇದೇನು ಮೇಡಂ, ಉಲ್ಟಾ ಇದೆ” ಎಂದಳು. “ನಾನೇ ಉಲ್ಟಾ” ಎಂದೆ. ನಗುತ್ತಲೇ ರೈಲು ಹತ್ತಿದೆ, ನಗುತ್ತಲೇ ಬಸ್ಸು ಹತ್ತಿದೆ. ನಮ್ಮ ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಇಳಿದಾಗ ಮಾತ್ರ ನಗು ಇಳಿಯಿತು.

ನಮ್ಮ ಊರಿಗೆ ಹೊರಗಿನಿಂದ ಆಯುಧ ತಂದವರು ಅದನ್ನು ನೇರ ಮನೆಗೆ ಒಯ್ಯುವಂತಿಲ್ಲ. ತಮ್ಮೊಡನೆ ಮಾತು ಬಿಟ್ಟವರ ಮನೆಯಲ್ಲಿ ದಸರೆಯ ಬನ್ನಿ ಹಬ್ಬದ ತನಕ ಕಾವಲಿಗೆ ಇಡಬೇಕು. ಹಬ್ಬದ ಮರುದಿನ ಅವರು ಅದನ್ನು ತಾವೇ ಅಗಸಿಯ ಕಟ್ಟೆಗೆ ತಂದು, ನೆರೆದ ಮಂದಿಯ ಎದುರು, “ಇದು ಇವರ ಮನಿಯಾಗಿದ್ರ ನನಗ ನಿದ್ದಿ ಬರ್ತೈತಿ” ಎಂದು ಹೇಳಬೇಕು. ಹೇಳಿದರೆ ಆಯುಧ ನಿಮ್ಮದು. ಹೇಳದಿದ್ದರೆ ಮುಂದಿನ ಬನ್ನಿಯ ತನಕ ಅವರಲ್ಲೇ. ನಡುವೆ ರಾಜಿಯಾದರೆ ಆ ಕಾವಲು ಲೆಕ್ಕಕ್ಕೆ ಬರುವುದಿಲ್ಲ; ಬೇರೆ ಜಗಳದವರನ್ನು ಹುಡುಕಿಕೊಂಡು ಮೊದಲಿನಿಂದ ಶುರುಮಾಡಬೇಕು.

ಹೀಗಾಗಿ ನಮ್ಮಲ್ಲಿ ಹಳೆಯ ಜಗಳವನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಯಾವಾಗ ಉಪಯೋಗಕ್ಕೆ ಬರುತ್ತದೋ ಯಾರಿಗೆ ಗೊತ್ತು. ಹವಾಲ್ದಾರ ಬಾಳನಗೌಡರು ನೌಕರಿಯಿಂದ ನಿವೃತ್ತರಾಗಿ ಬೇಟೆಯ ಕೋವಿಯೊಂದಿಗೆ ಬಂದಾಗ ಅವರಿಗೆ ಆಗದವರು ಒಬ್ಬರೂ ಸಿಗಲಿಲ್ಲ. ಜಗಳ ತೆಗೆಯಲೆಂದೇ ನೆರೆಯವನ ಗಟಾರಕ್ಕೆ ಕಲ್ಲು ಹಾಕಿದರು. ನೆರೆಯವ ಕಲ್ಲು ತೆಗೆದು ಬದಿಗಿಟ್ಟು, ಬಿಸಿಲಲ್ಲಿ ದಣಿದಿರಬೇಕು ಎಂದು ಇವರಿಗೇ ಮಜ್ಜಿಗೆ ಕಳಿಸಿದ. ಕೋವಿ ಇಂದಿಗೂ ಹೊರಗೂರಿನ ಅಳಿಯನ ಮನೆಯಲ್ಲಿದೆ. ಬೆಲ್ಲದ ವ್ಯಾಪಾರಿಯೊಬ್ಬ ಭಾವಮೈದುನನೊಂದಿಗೆ ಸುಳ್ಳು ಜಗಳ ಹೂಡಿಕೊಂಡು ಬಂದಿದ್ದ. ವಿಚಾರಣೆಯ ನಡುವೆ ಭಾವಮೈದುನ ರೂಢಿಯಂತೆ ಎಲೆ-ಅಡಿಕೆ ಮಡಿಸಿ ಅರ್ಧ ಅವನ ಕೈಗಿಟ್ಟ. ಸುಂಕದ ಅಡಿವೆಪ್ಪ, “ಜಗಳ ಖೊಟ್ಟಿ” ಎಂದು ಇಬ್ಬರನ್ನೂ ವಾಪಸು ಕಳಿಸಿದ.

ಅಡಿವೆಪ್ಪ ಅಗಸಿಯ ಸುಂಕದವ. ದೊಡ್ಡ ಹೊಟ್ಟೆ, ಸಣ್ಣ ಕಣ್ಣು, ಊರಿನ ಜಗಳಗಳೆಲ್ಲ ಅವನಿಗೆ ಬಾಯಿಪಾಠ. ನನ್ನ ಪೆಟ್ಟಿಗೆ ನೋಡಿ, “ಯಾರ ಮನ್ಯಾಗ ಇಡ್ತೀರಿ ಚಂದ್ರಕ್ಕ?” ಎಂದ. ನನ್ನ ಪೂರ್ತಿ ಹೆಸರು ಚಂದ್ರಭಾಗಾ.

“ಬಾಜೂ ಮನಿ ತಂಗೆವ್ವನ ಮನ್ಯಾಗ,” ಎಂದೆ. “ಗ್ವಾಡಿ ಮ್ಯಾಲೆ ಮೆಣಸಿನಕಾಯಿ ಒಣಗಿಸೂ ವಿಷಯದಾಗ ನಮಗೂ ಅವರಿಗೂ ಆಗೂದಿಲ್ಲ.”

“ಮೊನ್ನಿ ಆಕಿ ಮಗಳ ಲಗ್ನಕ್ಕ ಜಂಪರ ಹೊಲಿದು ಕೊಟ್ಟೀರಿ. ಪುಕ್ಕಟೆ. ಮುಂದಿನ ಹೆಸರು ಹೇಳ್ರಿ.”

ನಾನು ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಅವನೇ ಹೇಳಿದ, “ಮಹಾನಂದಾ.”

ಕಟ್ಟೆಯ ಸುತ್ತ ನಿಂತಿದ್ದವರೆಲ್ಲ ತಲೆಯಾಡಿಸಿದರು. ಊರಿಗೆಲ್ಲ ಗೊತ್ತಿದ್ದ ಜಗಳ ಅದು. ಮಹಾನಂದಾ ನಮ್ಮ ಕ್ಲಬ್ಬಿನ ಮೊದಲ ಗುರಿಗಾರ್ತಿ, ನನಗೆ ಹಿರಿಯಳು, ಎತ್ತರದ ಹೆಂಗಸು. ಹಿಂದೊಮ್ಮೆ ಪ್ರಾಂತದ ಪಂದ್ಯದಲ್ಲಿ ನಾವಿಬ್ಬರೂ ಅಕ್ಕಪಕ್ಕದ ಚಾಪೆಗಳಲ್ಲಿ ಮಲಗಿದ್ದೆವು. ಗುಂಡು ಹೊಡೆದ ಮೇಲೆ ನನ್ನ ಬಂದೂಕಿನಿಂದ ಹಾರಿದ ಬಿಸಿ ಖಾಲಿ ತೋಟಾ ನೇರ ಹೋಗಿ ಆಕೆಯ ಅಂಗಿಯ ಕುತ್ತಿಗೆಪಟ್ಟಿಯೊಳಗೆ ಇಳಿಯಿತು. ಅದೇ ಕ್ಷಣಕ್ಕೆ ಆಕೆ ತನ್ನ ಬಂದೂಕಿನ ಕುದುರೆ ಎಳೆದಿದ್ದಳು. ಗುಂಡು ಗುರಿಯ ಹಲಗೆಗೂ ತಾಗಲಿಲ್ಲ. ನಾನು ಗೆದ್ದೆ, ಆಕೆ ಮನೆಗೆ ಹೋದಳು. ಬೇಕೆಂದೇ ಮಾಡಿದೆನೆಂದು ಆಕೆ ಹೇಳಿದಳು. ಹಾರುವ ತೋಟಾಕ್ಕೆ ದಾರಿ ಹೇಳಿಕೊಡಲು ಯಾರಿಗೂ ಬರುವುದಿಲ್ಲವೆಂದು ನಾನು ಹೇಳಿದೆ. ಅಂದಿನಿಂದ ಮಾತಿಲ್ಲ.

ಬನ್ನಿ ಮುಗಿದೊಡನೆ ಮತ್ತೆ ಪ್ರಾಂತದ ಪಂದ್ಯವಿತ್ತು, ಈ ಸಲ ನಮ್ಮ ಊರಿನ ಮೈದಾನದಲ್ಲೇ. ಮೊದಲ ಮೂವರು ನಾಡಿನ ತಂಡಕ್ಕೆ. ವಯಸ್ಸು ನನಗಾಗಿ ಕಾಯುವುದಿಲ್ಲ, ಇದು ತಪ್ಪಿದರೆ ಮತ್ತೊಂದು ಅವಕಾಶ ಸಿಗುವುದು ಸುಳ್ಳು. ಆ ಪಂದ್ಯದಲ್ಲಿ ಮಹಾನಂದಾ ಕೂಡ ಇರುತ್ತಾಳೆ. ನನ್ನನ್ನು ಸೋಲಿಸಲು ಆಕೆ ಏನೂ ಮಾಡಬೇಕಾಗಿರಲಿಲ್ಲ. ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮಹಾನಂದಾಳ ಗಂಡ ರುದ್ರಮುನಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ನಾನು ಪೆಟ್ಟಿಗೆ ಹೊತ್ತು ಹೋದಾಗ ಗಿರಣಿ ಓಡುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಹಿಟ್ಟಿನಿಂದ ಬೆಳ್ಳಗಾಗಿ ನಿಂತಿದ್ದರು. ಆಕೆ ನನ್ನತ್ತ ನೋಡದೆ ಗಂಡನಿಗೆ, “ಅಲ್ಲೆ ಇಡಾಕ ಹೇಳ್ರಿ ಅವರಿಗೆ” ಎಂದಳು.

“ಅಲ್ಲೆ ಇಡಬೇಕಂತ,” ಎಂದು ರುದ್ರಮುನಿ ಗಿರಣಿಯ ಸದ್ದಿಗೂ ಮೀರಿ ಒದರಿದ.

“ಕೀಲಿನಾಗ ಹಿಟ್ಟು ಹೋದ್ರ ಕೆಡ್ತೈತಿ. ಒಳಮನ್ಯಾಗ ಇಡ್ರಿ ಅಂತ ಹೇಳ್ರಿ,” ಎಂದೆ.

“ಒಳಗ ಇಡಬೇಕಂತ.”

“ಬಂದೂಕು ಹ್ಯಾಂಗ ಇಡಬೇಕು ಅಂತ ನನಗ ಕಲಿಸಾಕ ಬರಬ್ಯಾಡ ಅಂತ ಹೇಳ್ರಿ.”

ರುದ್ರಮುನಿ ಇಬ್ಬರನ್ನೂ ನೋಡಿ, “ಚಾ ಕುಡಿದು ಹೋಗಬೇಕಂತ,” ಎಂದು ಒದರಿದ. ನಾನು ಕುಡಿಯದೆ ಬಂದೆ.

ಕಾವಲಿಗಿಟ್ಟ ಆಯುಧವನ್ನು ಒಡೆಯರು ಬಂದು ಕೇಳಿದಾಗ ತೋರಿಸಬೇಕು. ಅಷ್ಟಕ್ಕೆ ಮಾತ್ರ ಅವಕಾಶವಿದೆ. ನಾನು ಆಗಾಗ ಹೋಗುತ್ತಿದ್ದೆ. ಬಂದೂಕು ಮೆತ್ತನೆಯ ಅರಿವೆಯಲ್ಲಿ ಸುತ್ತಿಕೊಂಡು, ಎಣ್ಣೆ ಒರೆಸಿಕೊಂಡು, ನಾನು ಇಟ್ಟದ್ದಕ್ಕಿಂತ ಚೊಕ್ಕಟವಾಗಿರುತ್ತಿತ್ತು. ಅದೂ ನನಗೆ ಸಿಟ್ಟು ತರಿಸುತ್ತಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಪೆಟ್ಟಿಗೆ ತೆಗೆದು ನೋಡಿದಾಗ ಕೆನ್ನೆಯ ಹಲಗೆ ಕೆಳಗಿಳಿದಿತ್ತು. ನನ್ನ ಅಳತೆ ಅದಲ್ಲ. ಯಾರೋ ಅದನ್ನು ತಮ್ಮ ಮುಖಕ್ಕೆ ಹೊಂದಿಸಿಕೊಂಡಿದ್ದರು. ನಾನು ಪೆಟ್ಟಿಗೆ ಮುಚ್ಚಿ ಎದ್ದು ಬಂದೆ. ಮರುದಿನ ಅದೇ ಹೊತ್ತಿಗೆ ಗಿರಣಿಯ ಹಿಂದಿನ ಓಣಿಗೆ ಹೋದೆ. ಅಲ್ಲಿ ಗಿರಣಿಯದೇ ಉದ್ದನೆಯ ಒಂದು ಗೋದಾಮು, ತುದಿಯಲ್ಲಿ ತೌಡಿನ ಚೀಲಗಳ ಗೋಡೆ. ಗಿರಣಿಯ ಸದ್ದಿನಲ್ಲಿ ಒಳಗಿನ ಸಣ್ಣ ಸಿಡಿತ ರಸ್ತೆಗೆ ಕೇಳುವಂತಿರಲಿಲ್ಲ. ಬಾಗಿಲು ತಳ್ಳಿದೆ. ಮಹಾನಂದಾ ಚೀಲದ ಮೇಲೆ ಬೋರಲು ಮಲಗಿದ್ದಳು. ನನ್ನ ಬಂದೂಕು ಆಕೆಯ ಎಡ ಭುಜಕ್ಕಿತ್ತು. ಬಲಗಣ್ಣಿಗೆ ಅರಿವೆ ಕಟ್ಟಿಕೊಂಡಿದ್ದಳು.

ನಮ್ಮ ನಡುವೆ ಮಾತು ದಾಟಿಸಲು ಅಲ್ಲಿ ರುದ್ರಮುನಿ ಇರಲಿಲ್ಲ.

“ಬಾಗಲಾ ಮುಚ್ಚು,” ಎಂದಳು.

“ಕಾವಲಿಗೆ ಕೊಟ್ಟೀನಿ. ಆಡಾಕ ಅಲ್ಲ.”

ಆಕೆ ಎದ್ದು ಕುಳಿತು, ಬಂದೂಕಿನ ಕೀಲು ತೆಗೆದು ಬದಿಗಿಟ್ಟು, ಕಣ್ಣಿನ ಅರಿವೆ ಬಿಚ್ಚಿದಳು. “ಈ ಕಣ್ಣು ಹೋಗೈತಿ. ಅಂಚಿನಾಗ ಎಲ್ಲಾ ಕಾಣ್ತೈತಿ, ನಡುವ ಏನೂ ಕಾಣೂದಿಲ್ಲ. ಗುರಿ ಇರೂದು ನಡುವನ.”

“ಡಾಕ್ಟರು?”

“ಇದಕ್ಕ ಆಪರೇಶನ್ ಇಲ್ಲ ಅಂದ್ರು. ಎಡಗಣ್ಣು ಚೊಲೋ ಐತಿ. ಆದ್ರ ಎಡಗಣ್ಣಿಲೆ ಹೊಡಿಬೇಕಂದ್ರ ಎಡಗೈ ಬಂದೂಕು ಬೇಕು. ಎಲ್ಲಿಂದ ತರಲಿ? ಅಷ್ಟರಾಗ ನೀನ ತಂದು ಮನ್ಯಾಗ ಇಟ್ಟು ಹೋದಿ.”

“ಯಾರಿಗೆ ಗೊತ್ತೈತಿ?”

“ಈಗ ನಿನಗ.”

“ನಿನ್ನ ಗಂಡಗ?”

“ಅವರಿಗೆ ಮೆಲ್ಲಕ ಮಾತಾಡಾಕ ಬರೂದಿಲ್ಲ. ಒಮ್ಮಿ ಬಾಯಿ ಬಿಟ್ರ ಇಡೀ ಪ್ಯಾಟಿಗೆ ಕೇಳ್ತೈತಿ.”

ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಬಂದೂಕನ್ನು ಮರಳಿಸದಿರಲು ಆಕೆಗೆ ಮೊದಲು ಒಂದು ಕಾರಣವಿತ್ತು, ಈಗ ಎರಡಾಗಿತ್ತು. ಬಾಗಿಲು ಬಡಿದು ಹೊರಬಂದೆ. ಅಂಗಡಿಯಲ್ಲಿ ಕುಳಿತರೆ ಹೊಲಿಗೆ ಸಾಗಲಿಲ್ಲ. ಆಕೆ ಮಲಗಿದ್ದ ರೀತಿಯೇ ಕಣ್ಣ ಮುಂದೆ ಬರುತ್ತಿತ್ತು. ಬಲ ಮೊಣಕೈ ಬಂದೂಕಿನ ಅಡಿಗೆ ಬಂದಿರಲಿಲ್ಲ, ಬೆನ್ನು ಸೆಟೆದಿತ್ತು, ತೊಟ್ಟಿದ್ದ ಗುರಿಗಾರರ ಅಂಗಿ ಬಲಗೈಯವರದು, ಮೆತ್ತೆ ಇದ್ದದ್ದು ಬೇಡದ ಭುಜದ ಮೇಲೆ. ಬದುಕಿಡೀ ಬಲಗೈಯಲ್ಲಿ ಮಾಡಿದ್ದನ್ನು ಈಗ ಎಡಕ್ಕೆ ಹೊರಳಿಸಿಕೊಳ್ಳುತ್ತಿದ್ದ ಆ ಹೆಂಗಸಿನ ಕಷ್ಟ ಊರಿನಲ್ಲಿ ಯಾರಿಗಾದರೂ ತಿಳಿಯುವಂತಿದ್ದರೆ ಅದು ನನಗೆ ಮಾತ್ರ. ನಾನು ಇದನ್ನೇ ಇನ್ನೊಂದು ದಿಕ್ಕಿನಿಂದ ಮಾಡುತ್ತ ಬಂದವಳು. ಹಾಗೆಂದು ಮನಸ್ಸು ಕರಗಿತೆಂದಲ್ಲ. ತಪ್ಪಾಗಿ ಹೊಲಿದ ಬಟ್ಟೆ ಕಂಡರೆ ನನ್ನಿಂದ ಸುಮ್ಮನಿರಲಾಗುವುದಿಲ್ಲ, ಅಷ್ಟೇ.

ಕಪಾಟಿನಿಂದ ದಪ್ಪ ಕ್ಯಾನ್ವಾಸು ತೆಗೆದು ಕತ್ತರಿಸಿದೆ. ಅಳತೆ ಕಣ್ಣಲ್ಲೇ ಇತ್ತು. ಎಡ ಭುಜಕ್ಕೆ, ಎರಡೂ ಮೊಣಕೈಗಳಿಗೆ ಮೆತ್ತೆ ಕೊಟ್ಟು, ಬಲ ತೋಳಿಗೆ ಬಂದೂಕಿನ ಪಟ್ಟಿ ಸಿಕ್ಕಿಸುವ ಕೊಕ್ಕೆ ಕೂರಿಸಿ ಅಂಗಿ ಹೊಲಿದೆ. ಒಯ್ದು ಗೋದಾಮಿನಲ್ಲಿ ಆಕೆಯ ಮುಂದೆ ಒಗೆದೆ.

“ಹಾಕ್ಕೋ. ಬಲ ಮೊಣಕೈ ಬುಡಕ ತಗೋ. ಇಲ್ಲಂದ್ರ ಸತ್ತರೂ ನಡುವ ಬೀಳೂದಿಲ್ಲ.”

ಆಕೆ ಅಂಗಿಯನ್ನು ತಿರುಗಿಸಿ ನೋಡಿ, “ತೋಳು ಉದ್ದ ಆಗೇತಿ,” ಎಂದಳು.

“ಮಲಗಿದಾಗ ಸರಿ ಬರ್ತೈತಿ. ಮಲಗು ಮೊದಲ.”

ಸರಿಯಾಗಿಯೇ ಬಂತು.

ಅಲ್ಲಿಂದ ಮುಂದೆ ಮಧ್ಯಾಹ್ನದ ಹೊತ್ತು ಅಂಗಡಿಗೆ ಬೀಗ ಹಾಕಿ ಹಿಂದಿನ ಓಣಿಯಿಂದ ಗೋದಾಮಿಗೆ ಹೋಗುತ್ತಿದ್ದೆ. ನನ್ನದೇ ಬಂದೂಕನ್ನು ನಾನು ಮುಟ್ಟುವಂತಿರಲಿಲ್ಲ, ಕಾವಲಿನಲ್ಲಿದ್ದದ್ದು. ಆಕೆ ಹೊಡೆಯುತ್ತಿದ್ದಳು, ನಾನು ನೋಡುತ್ತಿದ್ದೆ. ಉಸಿರು ಯಾವಾಗ ಹಿಡಿಯಬೇಕು ಎಂಬುದಕ್ಕೆ ಜಗಳ, ಕುದುರೆಯನ್ನು ಬೆರಳಿನ ಯಾವ ಗೆಣ್ಣಿನಿಂದ ಎಳೆಯಬೇಕು ಎಂಬುದಕ್ಕೆ ಜಗಳ. ಆಕೆ ಮಾತು ಕೇಳುವವಳಲ್ಲ. ನಾನು ಮಾತು ಬಿಡುವವಳಲ್ಲ. ಒಮ್ಮೆ ತೋಟಾದ ಹಳೆಯ ಪ್ರಸಂಗವೂ ಬಂತು, ಇಬ್ಬರೂ ಅರ್ಧ ಮಧ್ಯಾಹ್ನ ಅದನ್ನೇ ಆಡಿದೆವು, ಇಬ್ಬರೂ ಸೋಲಲಿಲ್ಲ. ಪೇಟೆಯಲ್ಲಿ ಎದುರಾದರೆ ಮೊದಲಿನಂತೆಯೇ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆವು. ಅದು ನಟನೆಯೋ ಖರೆಯೋ ನನಗೇ ಸ್ಪಷ್ಟವಿರಲಿಲ್ಲ. ಬಂದೂಕನ್ನು ಮರಳಿ ಕೊಡುತ್ತೀಯಾ ಎಂದು ನಾನು ಕೇಳಲಿಲ್ಲ. ಕೊಡುತ್ತೇನೆಂದು ಆಕೆ ಹೇಳಲಿಲ್ಲ.

ಹಬ್ಬ ಹತ್ತಿರ ಬಂದಾಗ ಅಡಿವೆಪ್ಪ ಜೋಳದ ಚೀಲ ಹೊರಿಸಿಕೊಂಡು ಗಿರಣಿಗೆ ಬಂದ. ಅವನ ಮನೆಯವರು ಬೀಸುವುದು ಬೇರೆ ಗಿರಣಿಯಲ್ಲಿ. ಹಿಟ್ಟು ಬೀಳುವುದನ್ನು ನೋಡುವವನಂತೆ ನಿಂತು ಗೋದಾಮಿನ ಬಾಗಿಲನ್ನೇ ನೋಡುತ್ತಿದ್ದ. ಬಾಗಿಲ ಸಂದಿಯಿಂದ ಅವನನ್ನು ಕಂಡ ನಾನು ಒಳಗೆ ತೌಡಿನ ಚೀಲದ ಹಿಂದೆ ಕುಳಿತು ಸೀನು ತಡೆದುಕೊಂಡೆ.

ಬನ್ನಿಯ ಮರುದಿನ ಕಟ್ಟೆಯ ಮುಂದೆ ಊರೇ ನೆರೆದಿತ್ತು. ಮಹಾನಂದಾ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಕಲ್ಲಿನ ಮೇಲಿಟ್ಟಳು. ಅಡಿವೆಪ್ಪ ಕೇಳಿದ, “ಚಂದ್ರಕ್ಕ ನಿಮ್ಮ ಹಿತ್ತಲ ಬಾಗಲಾ ಭಾಳ ಸಲ ದಾಟ್ಯಾರ ಅಂತ ಸುದ್ದಿ ಐತಿ. ರಾಜಿ ಆಗೇತೇನು?”

ಹೌದು ಎಂದರೆ ಕಾವಲು ಮೊದಲಿನಿಂದ. ಇಲ್ಲ ಎಂದರೆ ನಂಬುವವರು ಯಾರು. ನಾನು ಬಾಯಿ ತೆರೆಯುವ ಮೊದಲೇ ಮಹಾನಂದಾ ಮಂದಿಯ ಕಡೆ ತಿರುಗಿದಳು.

“ನನ್ನ ಬಲಗಣ್ಣು ಹೋಗೈತಿ,” ಎಂದಳು.

ರುದ್ರಮುನಿ ಮುಂದೆ ಬಂದ. ಅವನ ಬಾಯಿಂದ ಅಂದು ಸದ್ದೇ ಹೊರಡಲಿಲ್ಲ.

“ಯಾರಿಗೂ ಹೇಳಿರಲಿಲ್ಲ. ಹೇಳಿದ್ರ ಮಂದಿ ಕನಿಕರ ಮಾಡ್ತಾರ, ಅದು ನನಗ ಬ್ಯಾಡಾಗಿತ್ತು. ಇಕಿ ಬಂದೂಕಿನ ಮ್ಯಾಲೆ ಎಡಗೈಲೆ ಹೊಡಿಯೂದು ಕಲ್ತೀನಿ. ಕಲಿಸಿದಾಕಿ ಇಕಿನ. ಕನಿಕರ ಮಾಡಿ ಕಲಿಸಲಿಲ್ಲ, ಬೈದು ಬೈದು ಕಲಿಸ್ಯಾಳ. ರಾಜಿ ಆಗೇತೇನು ಅಂತ ಕೇಳ್ತೀರಿ. ಆಗಿಲ್ಲ. ಈ ಬಂದೂಕು ಕೊಡಾಕ ನನಗ ಮನಸ್ಸಿಲ್ಲ. ಇಕಿ ನನಗಿಂತ ಚೊಲೋ ಹೊಡೀತಾಳ, ಅದಕ್ಕ ಹೊಟ್ಟಿ ಉರೀತೈತಿ.”

ಅಡಿವೆಪ್ಪ ಕಣ್ಣು ಇನ್ನಷ್ಟು ಸಣ್ಣ ಮಾಡಿ, “ಮತ್ತ ನಿದ್ದಿ?” ಎಂದ.

ಮಹಾನಂದಾ ನನ್ನ ಮುಖ ನೋಡಿದಳು. ಮಂದಿಯ ಎದುರು ಆಕೆ ನನ್ನನ್ನು ನೇರವಾಗಿ ನೋಡಿದ್ದು ಎಷ್ಟು ಕಾಲದ ಮೇಲೋ. “ಇದು ಇಕಿ ಮನಿಯಾಗಿದ್ರ ನನಗ ನಿದ್ದಿ ಬರ್ತೈತಿ,” ಎಂದಳು. “ಭಾಳ ಚೊಲೋ ನಿದ್ದಿ ಬರ್ತೈತಿ.”

ಅಡಿವೆಪ್ಪ ಗಡ್ಡ ಕೆರೆದುಕೊಂಡ. “ಜಗಳ ಖರೇ ಐತಿ. ಮಾತೂ ಖರೇ ಐತಿ,” ಎಂದು ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದ. ಕಟ್ಟೆಯ ಸುತ್ತ ಎದ್ದ ಗದ್ದಲಕ್ಕೆ ಅಗಸಿಯ ಪಾರಿವಾಳಗಳೆಲ್ಲ ಹಾರಿಹೋದವು.

ನಾನು ಪೆಟ್ಟಿಗೆ ಎತ್ತಿಕೊಂಡೆ. ಎರಡು ಹೆಜ್ಜೆ ಹೋಗಿ ತಿರುಗಿ, “ಪಂದ್ಯದಾಗ ನಿನ್ನ ಪಾಳಿ ಯಾವಾಗ?” ಎಂದು ಕೇಳಿದೆ.

“ಮುಂಜಾನೆ.”

“ನಂದು ಮಧ್ಯಾಹ್ನ. ಮುಂಜಾನೆ ನೀ ಹೊಡಿ. ನಳಿಗಿ ಒರಸಿ ಕೊಡು.”

“ಒರಸೂದು ನೀ ಹೇಳಬೇಕಾಗಿಲ್ಲ,” ಎಂದಳು.

ಪಂದ್ಯದ ದಿನ ಮೈದಾನದ ಗೋಡೆಯ ಮೇಲೂ ಮಂದಿ ಕುಳಿತಿದ್ದರು. ಮಹಾನಂದಾ ಕ್ಯಾನ್ವಾಸಿನ ಅಂಗಿ ತೊಟ್ಟು ಬಂದೂಕನ್ನು ಎಡ ಭುಜಕ್ಕೆ ಆನಿಸಿ ಮಲಗಿದಾಗ ಹೊರಗೂರಿನ ಗುರಿಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಗುಂಡುಗಳು ಅಂಚಿಗೆ ಬಿದ್ದವು. ನಾನು ಬೇಲಿಯ ಹೊರಗೆ ನಿಂತು ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಆಕೆ ತಲೆ ಎತ್ತಿ, ಒಮ್ಮೆ ಕಣ್ಣು ಮುಚ್ಚಿ ತೆರೆದು, ಬಲ ಮೊಣಕೈಯನ್ನು ಬಂದೂಕಿನ ಅಡಿಗೆ ಎಳೆದುಕೊಂಡಳು. ಅಲ್ಲಿಂದ ಗುಂಡುಗಳು ಒಂದರ ಹಿಂದೆ ಒಂದು ಒಳಗೆ ಸರಿಯತೊಡಗಿದವು. ಕೊನೆಯದು ನಟ್ಟ ನಡುವೆ ಬಿತ್ತು. ಆಕೆಯನ್ನು ಹಿಂದಿಕ್ಕಬೇಕಾದರೆ ಮಧ್ಯಾಹ್ನದವರು ಬೆವರಬೇಕಾಗಿತ್ತು.

ನನ್ನ ಪಾಳಿ ಬಂದಾಗ ಆಕೆ ಬಂದೂಕು ತಂದು ಕೊಟ್ಟಳು. ಕೆನ್ನೆಯ ಹಲಗೆಯನ್ನು ನನ್ನ ಅಳತೆಗೆ ಏರಿಸಿದ್ದಳು. ಚಾಪೆಯ ಮೇಲೆ ಮಲಗಿ ಕೀಲು ಎಳೆದೆ. ಕೈ ಎಲ್ಲಿಗೂ ಚಾಚಬೇಕಾಗಲಿಲ್ಲ, ಮೈ ಹೊರಳಬೇಕಾಗಲಿಲ್ಲ. ಉಸಿರು ಹೋಯಿತು, ನಿಂತಿತು, ಬೆರಳು ತಾನಾಗಿ ಮಡಿಚಿತು. ಮತ್ತೆ ಕೀಲು, ಮತ್ತೆ ಉಸಿರು. ನಾನು ಯಾರೊಂದಿಗೂ, ಯಾವುದರೊಂದಿಗೂ ಹೆಣಗುತ್ತಿರಲಿಲ್ಲ. ಗುಂಡು ಮುಗಿದದ್ದು ಕೂಡ ತಿಳಿಯಲಿಲ್ಲ; ಬರಿದಾದ ಗುಂಡಿನ ಡಬ್ಬಿಗೆ ಕೈ ಹಾಕಿ ತಡಕಾಡಿದೆ.

ಗುರಿಯ ಹಾಳೆ ತಂದವರು ಅದನ್ನು ಎತ್ತಿ ಹಿಡಿದರು. ನಡುವೆ ಒಂದೇ ಒಂದು ತೂತು, ಹುಣಸೆ ಬೀಜದಷ್ಟು. ಎಲ್ಲ ಗುಂಡುಗಳೂ ಅದರಲ್ಲೇ ಹಾದುಹೋಗಿದ್ದವು. ಆ ಮೈದಾನದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮೊದಲು ನನ್ನ ಹೆಸರು ಕೂಗಿದರು. ಎರಡನೆಯದು ಹೊರಗೂರಿನ ಹುಡುಗಿಯದು. ಮೂರನೆಯದನ್ನು ಕೂಗುವ ಮೊದಲೇ ಹಲಗೆಯ ಮೇಲಿನ ಅಂಕಿ ಓದಿದ ರುದ್ರಮುನಿ, “ಮೂರನೇದ್ದು ನಮ್ಮಾಕಿ,” ಎಂದು ಇಡೀ ಬಯಲಿಗೆ ಕೇಳುವಂತೆ ಒದರಿದ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಟೊಪ್ಪಿಗೆಯಿಂದ ಕಣ್ಣು ಒರೆಸಿಕೊಂಡ.

ಮಂದಿ ಹಲಗೆ ವಾದ್ಯ ಬಾರಿಸುತ್ತ ನಮ್ಮನ್ನು ಊರೊಳಗೆ ಕರೆದೊಯ್ದರು. ಪೆಟ್ಟಿಗೆ ಯಾರು ಹಿಡಿಯಬೇಕು ಎಂಬುದಕ್ಕೆ ಮೈದಾನದ ಬಾಗಿಲಲ್ಲೇ ನಮ್ಮಿಬ್ಬರಿಗೆ ಜಗಳ ಹತ್ತಿತು. ಬಂದೂಕು ನನ್ನದೆಂದು ನಾನು, ಜೋಪಾನ ಮಾಡಿದವಳು ತಾನೆಂದು ಆಕೆ. ಕೊನೆಗೆ ಒಂದು ತುದಿ ಆಕೆ ಹಿಡಿದಳು, ಇನ್ನೊಂದು ನಾನು. ಆಕೆ ಎತ್ತರ, ನಾನು ಕುಳ್ಳು. ಪೆಟ್ಟಿಗೆ ಓರೆಯಾಗಿಯೇ ಊರೆಲ್ಲ ಮೆರೆಯಿತು.